ಬೆಳಗಿನ ಅಂಕಿ

ಜಯಣ್ಣನ ಬಲಗೈ ಮೊಣಕೈಯಿಂದ ಕೆಳಗೆ ಎಡಗೈಗಿಂತ ಎದ್ದು ಕಾಣುವಷ್ಟು ಕಪ್ಪು. ಇಪ್ಪತ್ತೆರಡು ವರ್ಷ ಬಸ್ಸಿನ ಕಿಟಕಿಯ ಅಂಚಿನಲ್ಲಿ ಬಿಸಿಲು ಕುಡಿದ ಕೈ ಅದು. ರಕ್ತದೊತ್ತಡ ನೋಡುವಾಗ ಮೊದಲ ದಿನ ಎರಡೂ ಕೈಯಲ್ಲಿ ನೋಡಿ, ಹೆಚ್ಚು ಬಂದ ಕೈಯನ್ನೇ ಆಮೇಲೆ ಪ್ರತಿ ಸಲ ಹಿಡಿಯಬೇಕು. ಅವರಿಗೆ ಅದು ಎಡಗೈ. ಹಾಗಾಗಿ ಕಪ್ಪು ಕೈಯನ್ನು ನಾನು ಬರೀ ನೋಡಿದ್ದೇನೆ, ಪಟ್ಟಿ ಕಟ್ಟಿದ್ದು ಎರಡೇ ಸಲ.

ಬಂಟ್ವಾಳದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನಾನು ಏಳು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದೆ. ಹೋದ ತಿಂಗಳು ಕೆಲಸ ಬಿಟ್ಟೆ. ಕಾರಣ ಇಲ್ಲಿ ಮುಖ್ಯವಲ್ಲ. ನಿವೃತ್ತಿ ಎನ್ನಲು ನನಗೆ ವಯಸ್ಸಾಗಿಲ್ಲ, ಆದರೆ ಮುಗಿದ ಕೆಲಸ ಮುಗಿದದ್ದೇ. ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಫೈಲುಗಳನ್ನು ಒಪ್ಪಿಸುವ ದಿನ ಅವರಲ್ಲೊಬ್ಬಳು, "ಫೈಲಿನಲ್ಲಿ ಇಲ್ಲದ್ದು ಏನಾದರೂ ಉಂಟಾ ಅಕ್ಕ?" ಎಂದು ಕೇಳಿದಳು. ಉಂಟು ಎಂದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಹೀಗಿತ್ತು. ವಾರದಲ್ಲಿ ಎರಡು ದಿನ ಬಂಟ್ವಾಳ, ಎರಡು ದಿನ ಬೆಳ್ತಂಗಡಿಯ ಶಿಬಿರ, ಎರಡು ದಿನ ಮೂಡುಬಿದಿರೆಯ ಶಿಬಿರ. ರಕ್ತದೊತ್ತಡ ಸ್ವಲ್ಪವೇ ಏರಿದ, ಬೇರೆ ತೊಂದರೆ ಇಲ್ಲದ ಜನರನ್ನು ಡಾಕ್ಟರು ನನ್ನ ಕಡೆಗೆ ಕಳಿಸುತ್ತಿದ್ದರು. ಮಾತ್ರೆ ಶುರು ಮಾಡುವ ಮೊದಲು ಮೂರು ತಿಂಗಳು ನಡಿಗೆ, ವ್ಯಾಯಾಮ, ಉಪ್ಪು ಕಡಿಮೆ. ಇಳಿದರೆ ಮಾತ್ರೆ ಬೇಡ. ಇಳಿಯದಿದ್ದರೆ ಮಾತ್ರೆ, ಅದರಲ್ಲಿ ಚರ್ಚೆ ಇಲ್ಲ. ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಡಿ ಎನ್ನುವ ಅಧಿಕಾರ ನಮಗೆ ಯಾವ ದಿನವೂ ಇರಲಿಲ್ಲ, ನಿಮಗೂ ಇಲ್ಲ. ಇದನ್ನು ಮೊದಲ ದಿನವೇ ಗೋಡೆಗೆ ಅಂಟಿಸಿಕೊಳ್ಳಿ.

ಜನ ನಿಮ್ಮನ್ನು ಸಿಸ್ಟರ್ ಎನ್ನುತ್ತಾರೆ. ಒಂದು ವರ್ಷ ನಾನು ತಿದ್ದಿದೆ, ಆಮೇಲೆ ಬಿಟ್ಟೆ.

ನನ್ನ ಮೊದಲ ತಪ್ಪು ಲಾಯಿಲದ ಗಿರಿಜಕ್ಕನ ವಿಷಯದಲ್ಲಿ. ಅವರು ಬೀಡಿ ಕಟ್ಟುವವರು. ಬೆಳಿಗ್ಗೆ ಗಂಜಿ ಊಟ ಮುಗಿಸಿ ಮಡಿಲಲ್ಲಿ ತಡ್ಪೆ, ಅಂದರೆ ಬೀಡಿ ಎಲೆಯ ಮೊರ, ಇಟ್ಟುಕೊಂಡು ಕೂತರೆ ಸಂಜೆಯವರೆಗೆ ಏಳುವುದಿಲ್ಲ. ಒತ್ತಡ ನೂರ ನಲವತ್ತಾರು, ತೊಂಬತ್ತೆರಡು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ತಿಂಗಳು ಕಳೆದು ಬಂದಾಗ ಅಂಕಿ ಅಲ್ಲೇ ಇತ್ತು.

"ನಡೆದ್ರಾ?"

"ಇಲ್ಲ ಸಿಸ್ಟರ್."

"ಕಾಲು ನೋವಾ?"

"ಕಾಲಿಗೆ ಎಂಥ ಆಗಿದೆ? ಸುಮ್ಮನೆ ರಸ್ತೆಯಲ್ಲಿ ಹೋದ್ರೆ ಒಂದೊಂದು ಗೇಟಲ್ಲೂ ಕೇಳ್ತಾರೆ, ಎಲ್ಲಿಗೆ ಹೊರಟದ್ದು ಅಂತ. ಎಲ್ಲಿಗೂ ಇಲ್ಲ ಅಂತ ಹೇಳಲಿಕ್ಕೆ ಆಗ್ತದಾ? ಗಂಡನ ಹತ್ರ ಜಗಳ ಆಗಿದೆ ಅಂತ ತಿಳ್ಕೊಳ್ತಾರೆ."

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ನಾನೂ ಇದೇ ಜಿಲ್ಲೆಯಲ್ಲಿ ಬೆಳೆದವಳು. ಕಾರಣವಿಲ್ಲದೆ ನಡೆಯುವ ಹೆಂಗಸು ನಮ್ಮ ರಸ್ತೆಗಳಲ್ಲಿ ಒಂದು ಪ್ರಶ್ನೆ. ಅದು ನನಗೆ ಗೊತ್ತಿದ್ದೂ ಪಠ್ಯಪುಸ್ತಕದಲ್ಲಿ ಇಲ್ಲದ ಕಾರಣ ನೆನಪಾಗಿರಲಿಲ್ಲ. ಆ ದಿನ ಚೀಟಿ ಬದಲಿಸಿದೆ. ಕೈಯಲ್ಲಿ ಒಂದು ಚೀಲ ಇರಲಿ ಎಂದೆ. ಚೀಲ ಇದ್ದರೆ ಯಾರೂ ಕೇಳುವುದಿಲ್ಲ, ಅಂಗಡಿಗೆ ಎಂದುಕೊಳ್ಳುತ್ತಾರೆ. ಗಿರಿಜಕ್ಕ ಹತ್ತಿರದ ಅಂಗಡಿ ಬಿಟ್ಟು ಬೆಳ್ತಂಗಡಿ ಪೇಟೆಗೆ ಖಾಲಿ ಚೀಲ ಹಿಡಿದು ಹೋಗಿ, ಎರಡು ಟೊಮೆಟೊ ತಂದು, ಮರುದಿನ ಮತ್ತೆ ಹೋಗತೊಡಗಿದರು. ಮೂರು ತಿಂಗಳಲ್ಲಿ ನೂರ ಮೂವತ್ತೆರಡು, ಎಂಬತ್ತನಾಲ್ಕು. ಅವರು ಈವರೆಗೆ ಮಾತ್ರೆ ಮುಟ್ಟಿಲ್ಲ. "ಟೊಮೆಟೊ ತಿಂದು ಕಡಿಮೆ ಆದದ್ದು" ಎಂದು ಆಚೆಮನೆಯವರಿಗೆ ಹೇಳಿದ್ದಾರಂತೆ. ನಾನು ಅದನ್ನೂ ತಿದ್ದಲಿಲ್ಲ.

ಅಲ್ಲಿಂದ ನನಗೆ ಧೈರ್ಯ ಬಂತು. ಧೈರ್ಯ ಜಾಸ್ತಿಯಾದದ್ದೂ ಅಲ್ಲಿಂದಲೇ.

ನಮ್ಮ ಕೇಂದ್ರದ ಹಿರಿಯ ಡಾಕ್ಟರನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ಕಡಿಮೆ ಮಾತಿನವರು, ಬಯ್ಯುವಾಗ ಇನ್ನೂ ಕಡಿಮೆ. ಅವರು ನನಗೆ ಕಲಿಸಿದ್ದು ಹೊಸ ಯಂತ್ರಗಳನ್ನಲ್ಲ, ರೋಗಿಯನ್ನು ಕೂರಿಸುವುದನ್ನು. ಬೆನ್ನಿಗೆ ಆಧಾರ, ಪಾದ ನೆಲದಲ್ಲಿ, ಕಾಲಿನ ಮೇಲೆ ಕಾಲು ಇಲ್ಲ, ಕೈ ಎದೆಯ ಮಟ್ಟದಲ್ಲಿ, ಐದು ನಿಮಿಷ ಮಾತಿಲ್ಲ. ನಮ್ಮ ಕಡೆ ಐದನೆಯದೇ ಕಷ್ಟ. ಎದುರಿಗೆ ಕೂತವರ ಮನೆ ಎಲ್ಲಿ, ತಂದೆ ಯಾರು ಎಂದು ಕೇಳದೆ ಐದು ನಿಮಿಷ ಇರುವುದು ಮರ್ಯಾದೆ ಅಲ್ಲ. ನನಗೆ ಮಾತ್ರ ಆ ಐದು ನಿಮಿಷ ಇಷ್ಟವಾಗಿತ್ತು.

ಜಯಣ್ಣ ಮೂಡುಬಿದಿರೆಯ ಶಿಬಿರಕ್ಕೆ ಬಂದದ್ದು ತಾವಾಗಿಯೇ ಅಲ್ಲ. ಮೂಡುಬಿದಿರೆಯಿಂದ ವೇಣೂರು ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಅವರು. ಅದರ ಕಂಡಕ್ಟರ್ ಹನೀಫ್ ಅವರನ್ನು ತೋಳು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದ.

"ಮೇಡಮ್, ಇವರದ್ದು ಒಮ್ಮೆ ನೋಡಿ. ಮೊನ್ನೆ ಒಂದು ಸ್ಕೂಟರಿನವನಿಗೆ ಬೈದ ರೀತಿ ನೋಡಿ ನನಗೇ ತಲೆ ತಿರುಗಿತು."

"ನಿನ್ನದು ನೋಡ್ಲಿ ಮೊದಲು," ಎಂದರು ಜಯಣ್ಣ.

ಇಬ್ಬರದೂ ನೋಡಿದೆ. ಹನೀಫನದು ನೂರ ಹದಿನೆಂಟು, ಎಪ್ಪತ್ತಾರು. ಜಯಣ್ಣನದು ನೂರ ಐವತ್ತಾರು, ತೊಂಬತ್ತೆಂಟು. ಮತ್ತೆ ಎರಡು ಬೇರೆ ದಿನ ನೋಡಿದಾಗಲೂ ಹೆಚ್ಚು ಕಡಿಮೆ ಅಷ್ಟೇ.

"ಇಬ್ಬರೂ ಒಂದೇ ಬಸ್ಸು, ಒಂದೇ ಹೋಟೆಲಿನ ಚಾ," ಎಂದರು ಜಯಣ್ಣ. "ಇವನಿಗೆ ಯಾಕೆ ಇಲ್ಲ?"

"ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಕೂತ್ಕೊಳ್ಳುದು," ಎಂದ ಹನೀಫ್. "ನಾನು ಆ ಬಾಗಿಲಿಂದ ಈ ಬಾಗಿಲಿಗೆ ನಡೆಯುದು. ಬೆಳ್ತಂಗಡಿಗೆ ಹೋಗುವಾಗ ನಾನು ಅರ್ಧ ದಾರಿ ಕಾಲ್ನಡಿಗೆಯಲ್ಲೇ ಹೋಗ್ತೇನೆ ಮಾರಾಯ್ರೆ."

ರೋಗಿಗೆ ನಾನು ಹೇಳಬೇಕಾದದ್ದನ್ನು ಆತ ನನಗಿಂತ ಚೆನ್ನಾಗಿ ಹೇಳಿದ್ದ.

ಜಯಣ್ಣನಿಗೆ ನಗು ಬರಲಿಲ್ಲ. ಹನೀಫನನ್ನು ಚಾ ಕುಡಿಯಲು ಕಳಿಸಿ ನನ್ನೊಬ್ಬಳಿಗೆ ಹೇಳಿದರು. ಅವರ ಧಣಿಗಳು, ಅಂದರೆ ಬಸ್ಸಿನ ಮಾಲೀಕರು, ಹಿಂದೆ ಒಬ್ಬ ಡ್ರೈವರನ್ನು ಸ್ಟೇರಿಂಗಿನಿಂದ ಇಳಿಸಿದ್ದರು. ಅವನ ಅಂಗಿಯ ಕಿಸೆಯಿಂದ ಬಿ.ಪಿ. ಮಾತ್ರೆಯ ಹಾಳೆ ಕೆಳಗೆ ಬಿದ್ದದ್ದೇ ಕಾರಣ. "ಮಾತ್ರೆ ತಿನ್ನುವವನ ಕೈಯಲ್ಲಿ ನನ್ನ ಬಸ್ಸು, ನಲವತ್ತು ಜನ ಇರ್ಲಿಕ್ಕೆ ಆಗುದಿಲ್ಲ," ಎಂದಿದ್ದರಂತೆ.

"ನನಗೆ ಬೇರೆ ಕೆಲಸ ಗೊತ್ತಿಲ್ಲ ಮೇಡಮ್. ಮಾತ್ರೆ ಬೇಡ. ಬೇರೆ ಎಂಥ ಬೇಕಾದ್ರೂ ಹೇಳಿ, ಮಾಡ್ತೇನೆ."

ಆ ಮಾತು ನನಗೆ ಹಿಡಿಸಿತು. ಹಿಡಿಸಬಾರದಿತ್ತೇನೋ. ಡಾಕ್ಟ್ರಮ್ಮ ಅವರ ರಕ್ತ, ಮೂತ್ರ, ಇಸಿಜಿ ಎಲ್ಲ ನೋಡಿ, "ಮೂರು ತಿಂಗಳು ಕೊಡುವ. ಒಂದು ದಿನ ಹೆಚ್ಚಿಲ್ಲ," ಎಂದರು.

ಜಯಣ್ಣ ಹೇಳಿದ ಹಾಗೆ ಮಾಡಿದರು. ಸಂಜೆ ಕೊನೆಯ ಟ್ರಿಪ್ಪು ಮುಗಿಸಿ, ಬಸ್ಸು ನಿಲ್ಲಿಸಿ, ಮೂಡುಬಿದಿರೆಯ ಮೈದಾನಕ್ಕೆ ನಲವತ್ತು ನಿಮಿಷ ಸುತ್ತು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಎಂದಿದ್ದೆ. "ಇವರಿಗೆ ಕೂತರೂ ಹಾಡ್ಲಿಕ್ಕೆ ಬರುದಿಲ್ಲ" ಎಂದ ಹನೀಫ್. ಮಧ್ಯಾಹ್ನ ಬೆಳ್ತಂಗಡಿಯಲ್ಲಿ ಬಸ್ಸಿಗೆ ಇಪ್ಪತ್ತು ನಿಮಿಷ ಬಿಡುವು ಇರುತ್ತಿತ್ತು. ಆಗ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ಎರಡು ನಿಮಿಷ ಇರಬೇಕು, ನಾಲ್ಕು ಸಲ. ಈ ವ್ಯಾಯಾಮದಲ್ಲಿ ಎಲ್ಲರೂ ಉಸಿರು ಕಟ್ಟುತ್ತಾರೆ, ಉಸಿರು ಕಟ್ಟಿದರೆ ಒತ್ತಡ ಇನ್ನೂ ಏರುತ್ತದೆ. ಬಾಯಿಬಿಟ್ಟು ಎಣಿಸಿ ಎಂದರೆ ಜಯಣ್ಣ ನಾಚಿಕೊಂಡರು. ಬಸ್ಸಿನ ನಿಲ್ದಾಣಗಳನ್ನು ಹೇಳಿ ಎಂದೆ. ಮೂಡುಬಿದಿರೆಯಿಂದ ಶುರು ಮಾಡಿ ಒಂದೊಂದು ಕಟ್ಟೆ, ಒಂದೊಂದು ತಿರುವು ಬಿಡದೆ ಹೇಳುತ್ತ, ವೇಣೂರು, ಗರ್ಡಾಡಿ, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಬರುವಾಗ ಸರಿಯಾಗಿ ಎರಡು ನಿಮಿಷ. ತೊಡೆ ನಡುಗುತ್ತಿದ್ದಾಗ ಹನೀಫ್ ಪಕ್ಕದಲ್ಲಿ ನಿಂತು, ಬಸ್ಸು ನಿಲ್ಲಿಸುವಾಗಿನ ದನಿಯಲ್ಲಿ, "ಹೋಲ್ಡ್, ಹೋಲ್ಡ್, ಒಬ್ಬರು ಇಳಿಲಿಕ್ಕೆ ಉಂಟು" ಎನ್ನುತ್ತಿದ್ದ. ಇಡೀ ಬಸ್‌ಸ್ಟ್ಯಾಂಡ್ ನೋಡುತ್ತಿತ್ತು. ಜಯಣ್ಣ ಒಂದು ದಿನವೂ ಬಿಡಲಿಲ್ಲ.

ಅವರು ಒತ್ತಡ ನೋಡುವ ಒಂದು ಯಂತ್ರವನ್ನೂ ಕೊಂಡರು. ದಿನಾ ನೋಡಿ ಬರೆಯಿರಿ ಎಂದೆ. ಯಾವಾಗ ಎಂದು ಕೇಳಿದರು. ಬೆಳಿಗ್ಗೆ ಆರು ಹತ್ತಕ್ಕೆ ಮೊದಲ ಟ್ರಿಪ್ಪು, ಐದೂವರೆಗೆ ಮನೆ ಬಿಡುತ್ತಾರೆ. "ಬೆಳಿಗ್ಗೆ ಪುರುಸೊತ್ತೇ ಇಲ್ಲ ಮೇಡಮ್." ಹಾಗಾದರೆ ಸಂಜೆ ನಡೆದು ಬಂದು, ಸ್ನಾನ ಮಾಡಿ, ಅರ್ಧ ಗಂಟೆ ಕೂತು ನೋಡಿ ಎಂದೆ. ನಡೆದ ಮೇಲೆ ಅಂಕಿ ಚೆನ್ನಾಗಿ ಬಂದರೆ ಮರುದಿನ ನಡೆಯಲು ಹುಮ್ಮಸ್ಸು ಬರುತ್ತದೆ ಎಂದೂ ಮನಸ್ಸಿನಲ್ಲಿತ್ತು. ಹನ್ನೊಂದನೆಯ ವಾರ ಅವರು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ನೂರ ಇಪ್ಪತ್ತಾರು, ನೂರ ಇಪ್ಪತ್ತೆಂಟು, ನೂರ ಇಪ್ಪತ್ತನಾಲ್ಕು. ಪುಟದ ನಂತರ ಪುಟ. ಒಂದೂ ನೂರ ಮೂವತ್ತು ದಾಟಿರಲಿಲ್ಲ.

ಆ ದಿನ ಅವರು ಒಂದು ಕಾಗದ ಕೇಳಿದರು. ಶಿಬಿರಕ್ಕೆ ಬಂದದ್ದು ಧಣಿಗಳ ಕಿವಿಗೆ ಬಿದ್ದಿತ್ತು. ಮಾತ್ರೆ ಇಲ್ಲದೆ ಒತ್ತಡ ಹತೋಟಿಯಲ್ಲಿದೆ ಎಂದು ಬರೆದುಕೊಟ್ಟರೆ ಸಾಕು. ನಾನು ಬರೆದೆ, ಸಹಿ ಹಾಕಿದೆ, ಕೇಂದ್ರದ ಮೊಹರನ್ನೂ ಒತ್ತಿದೆ. ನಾನಾಗಿ ಅಳೆದು ನೋಡಲಿಲ್ಲ, ಡಾಕ್ಟ್ರಮ್ಮನನ್ನು ಕೇಳಲಿಲ್ಲ. ಹೇಗೂ ಮುಂದಿನ ವಾರ ಅವರೇ ನೋಡುತ್ತಾರಲ್ಲ ಎಂದುಕೊಂಡೆ. ಏಳು ವರ್ಷದಲ್ಲಿ ನಾನು ಅಷ್ಟು ಸಂತೋಷದಿಂದ ಸಹಿ ಹಾಕಿದ ಕಾಗದ ಬೇರೆ ಇಲ್ಲ.

ಮರುವಾರ ಬಂಟ್ವಾಳದಲ್ಲಿ ಡಾಕ್ಟ್ರಮ್ಮನಿಗೆ ಆ ನೋಟ್‌ಬುಕ್ ತೋರಿಸಿದೆ. ಅವರು ಎರಡು ಪುಟ ನೋಡಿದರು.

"ಯಾವ ಹೊತ್ತಿನದ್ದು?"

"ಸಂಜೆ, ವಾಕಿಂಗ್ ಆದ ಮೇಲೆ."

"ಎಲ್ಲವೂ?"

"ಎಲ್ಲವೂ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಡೆದ ಮೇಲೆ ಕೆಲವು ಗಂಟೆ ಒತ್ತಡ ಇಳಿದೇ ಇರ್ತದೆ. ಇದು ನಿಮಗೆ ಗೊತ್ತುಂಟು."

ಗೊತ್ತಿತ್ತು. ಪರೀಕ್ಷೆಯಲ್ಲಿ ಅದರ ಮೇಲೆ ಒಂದು ಪುಟ ಬರೆದವಳು ನಾನು.

"ಆ ಮನುಷ್ಯ ನಲವತ್ತು ಜನರನ್ನು ಕೂರಿಸಿಕೊಂಡು ಬಸ್ಸು ತೆಗೆಯುವುದು ಸಂಜೆ ಏಳೂವರೆಗಾ, ಬೆಳಿಗ್ಗೆ ಆರಕ್ಕಾ?" ಎಂದರು. ನಾನು ಕಾಗದ ಕೊಟ್ಟ ವಿಷಯವನ್ನೂ ಹೇಳಿದೆ. ಅವರು ನೋಟ್‌ಬುಕ್ ಮುಚ್ಚಿ ನನ್ನ ಕಡೆ ಸರಿಸಿದರು. ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಗ ನಾನು ಮೂಡುಬಿದಿರೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ, ಬಸ್‌ಸ್ಟ್ಯಾಂಡಿಗೆ ಹತ್ತು ನಿಮಿಷದ ದಾರಿ. ಮರುದಿನ ಗುರುವಾರ, ಐದು ಮುಕ್ಕಾಲಿಗೆ ಯಂತ್ರದ ಚೀಲ ಹಿಡಿದು ಬಸ್ಸು ಹತ್ತಿದೆ. ಜಯಣ್ಣ ದೇವರ ಪಟಕ್ಕೆ ಹೂ ಇಡುತ್ತಿದ್ದರು. ಪಟದ ಪಕ್ಕದಲ್ಲೇ ನನ್ನ ಕಾಗದ ಇತ್ತು. ಲ್ಯಾಮಿನೇಟ್ ಮಾಡಿಸಿದ್ದರು.

"ಕೂತ್ಕೊಳ್ಳಿ ಜಯಣ್ಣ. ಒಮ್ಮೆ ನೋಡುವ."

"ಈಗಲಾ? ನಿನ್ನೆ ಸಂಜೆ ನೋಡಿದ್ದೇನೆ. ನೂರ ಇಪ್ಪತ್ತೇಳು."

"ಈಗ."

ನನ್ನ ಮುಖ ನೋಡಿ ಅವರು ಕೂತರು. ಹನೀಫ್ ಆಗಲೇ ಹತ್ತಿದ್ದ ಮೂರು ಪ್ರಯಾಣಿಕರ ಕಡೆ ತಿರುಗಿ ತುಟಿಗೆ ಬೆರಳಿಟ್ಟ. ಐದು ನಿಮಿಷ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ನೂರ ಐವತ್ತೆರಡು, ತೊಂಬತ್ತಾರು. ಎರಡು ನಿಮಿಷ ಬಿಟ್ಟು ಮತ್ತೆ ನೋಡಿದೆ. ನೂರ ಐವತ್ತು, ತೊಂಬತ್ತಾರು.

"ನಿಮ್ಮ ಮೆಷಿನ್ ಹಾಳಾಗಿದೆ," ಎಂದರು ಜಯಣ್ಣ. ಬಲಗೈ ಚಾಚಿದರು. "ಇದರಲ್ಲಿ ನೋಡಿ." ನೋಡಿದೆ. ನೂರ ನಲವತ್ತೆಂಟು.

ತಪ್ಪು ಯಂತ್ರದ್ದಲ್ಲ, ನನ್ನದು ಎಂದೆ. ಏನಾಯಿತೆಂದು ವಿವರಿಸಿದೆ. ನಡಿಗೆ ಸುಳ್ಳಲ್ಲ, ತೂಕ ನಾಲ್ಕು ಕಿಲೋ ಇಳಿದಿದೆ, ಅಂಕಿಯೂ ಮೊದಲಿಗಿಂತ ಒಂದಿಷ್ಟು ಇಳಿದಿದೆ, ಆದರೆ ಸಾಲದು. ಬೇರೆಯವರಿಗೆ ಸಾಕಾದದ್ದು ನಿಮಗೆ ಸಾಕಾಗಿಲ್ಲ. ಮಾತ್ರೆ ಬೇಕು, ನಡಿಗೆಯೂ ಬೇಕು. ಆ ಕಾಗದ ವಾಪಸು ಕೊಡಿ.

"ಕೊಡದಿದ್ರೆ?"

"ಕೊಡದಿದ್ರೂ ಧಣಿಗಳಿಗೆ ಹೇಳ್ತೇನೆ, ಆ ಕಾಗದ ತಪ್ಪು ಅಂತ. ನೀವೂ ಜೊತೆಗೆ ಬಂದ್ರೆ ಒಳ್ಳೆದು."

ಅವರು ಕಾಗದ ಕಿತ್ತು, ನನ್ನ ಮುಖ ನೋಡದೆ ಹಿಂದಕ್ಕೆ ಚಾಚಿದರು. "ಮೂರು ತಿಂಗಳು ಮೈದಾನದಲ್ಲಿ ನಾಯಿಗಳ ಒಟ್ಟಿಗೆ ಸುತ್ತಿದ್ದು ನಾನು," ಎಂದರು. "ಸಹಿ ಹಾಕಿದ್ದು ನೀವು." ನಾನು ಕಾಗದವನ್ನು ಯಂತ್ರದ ಚೀಲಕ್ಕೆ ಹಾಕಿದೆ.

ಧಣಿಗಳ ಮನೆ ವೇಣೂರಿನಲ್ಲಿ. ಬದಲಿ ಡ್ರೈವರನ್ನು ಕರೆಸಿ, ಅದೇ ದಿನ ಹನ್ನೊಂದಕ್ಕೆ ಜಯಣ್ಣ ಮತ್ತು ನಾನು ಹೋದೆವು. ಜಗಲಿಯಲ್ಲಿ ನೀರು ಬೆಲ್ಲ ಬಂತು. ನಾನು ಲ್ಯಾಮಿನೇಟ್ ಕಾಗದವನ್ನು ಅವರ ಮುಂದಿಟ್ಟು, ಇದರಲ್ಲಿ ಬರೆದದ್ದು ಸರಿಯಲ್ಲ, ತಪ್ಪು ಡ್ರೈವರದ್ದಲ್ಲ, ನನ್ನದು ಎಂದೆ. ಧಣಿಗಳು ಪೂರ್ತಿ ಕೇಳಿದರು.

"ಅಂದ್ರೆ ಇವನಿಗೆ ಮಾತ್ರೆ ಬೇಕು."

"ಹೌದು."

"ಮತ್ತೆ ಬಸ್ಸು ಹೇಗೆ ಕೊಡುದು?"

"ಮಾತ್ರೆ ತಿಂದು ಒತ್ತಡ ಇಳಿದವರ ಕೈಯಲ್ಲಿ ಕೊಡಬಹುದು. ಮಾತ್ರೆಗೆ ಹೆದರಿ ಅಡಗಿಸಿ ಇಡುವವರ ಕೈಯಲ್ಲಿ ಕೊಡಬಾರದು. ನಿಮ್ಮ ಹತ್ತಿರ ಇನ್ನೂ ಎಷ್ಟು ಡ್ರೈವರ್‌ಗಳಿದ್ದಾರೆ? ಅವರಲ್ಲಿ ಯಾರು ಅಡಗಿಸಿ ಇಟ್ಟಿದ್ದಾರೆ ಅಂತ ನಿಮಗೆ ಗೊತ್ತುಂಟಾ?"

ನಾನು ಹಾಗೆಲ್ಲ ಮಾತಾಡುವವಳಲ್ಲ. ಆ ದಿನ ಆಡಿದೆ. ಧಣಿಗಳಿಗೆ ಸಿಟ್ಟು ಬಂತು, ಆದರೆ ಎದ್ದು ಹೋಗಲಿಲ್ಲ. ಬೆಲ್ಲದ ತಟ್ಟೆಯನ್ನು ಅತ್ತಿತ್ತ ಸರಿಸಿದರು.

"ಆರು ವಾರ," ಎಂದರು ಕೊನೆಗೆ. "ಆರು ವಾರ ಇವ ಸ್ಟೇರಿಂಗ್ ಮುಟ್ಟಬಾರದು. ಅದೇ ಬಸ್ಸಲ್ಲಿ ಟಿಕೆಟ್ ಚೆಕ್ ಮಾಡ್ಲಿ. ಸಂಬಳ ಕಡಿಮೆ ಮಾಡುದಿಲ್ಲ. ದಿನಾ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ನೀವು ನೋಡ್ಬೇಕು. ಇವನ ಮೆಷಿನ್ ಬೇಡ, ನೀವೇ. ಅಂಕಿ ಸರಿ ಬಂದ್ರೆ ಡಾಕ್ಟ್ರು ಬರೆದು ಕೊಡ್ಲಿ, ಆಗ ನೋಡುವ."

"ಭಾನುವಾರವೂ ಬರ್ತೇನೆ," ಎಂದೆ.

ಇಪ್ಪತ್ತೆರಡು ವರ್ಷ ಮುಂದೆ ಕೂತ ಜಯಣ್ಣ ಇನ್ನು ಹನೀಫನ ಹಿಂದೆ ಟಿಕೆಟ್ ಕೇಳುತ್ತ ನಡೆಯಬೇಕು. ಸಂಜೆ ಅವರನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದೆ. ಡಾಕ್ಟ್ರಮ್ಮ ಒಂದು ಸಣ್ಣ ಮಾತ್ರೆ ಬರೆದರು, ನಡಿಗೆ ಮತ್ತು ಗೋಡೆಯ ವ್ಯಾಯಾಮ ಮೊದಲಿನಂತೆಯೇ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ, ನಾನು ಹಿಂದಿನದರಲ್ಲಿ. ಅರ್ಧ ದಾರಿಯ ಸಿದ್ದಕಟ್ಟೆ ದಾಟಿದರೂ ಅವರು ತಿರುಗಿ ನೋಡಲಿಲ್ಲ.

ಹೊಸದಾಗಿ ಬಂದ ನಿಮಗೆ ಹೇಳಬೇಕಾದದ್ದು ಇಷ್ಟು. ವ್ಯಾಯಾಮದಿಂದ ಒತ್ತಡ ಇಳಿಯುತ್ತದೆ. ಗಿರಿಜಕ್ಕನಿಗೆ ಇಳಿದಿದೆ, ಇನ್ನೂ ಎಷ್ಟೋ ಜನರಿಗೆ ಇಳಿದಿದೆ, ಅದನ್ನು ನಂಬಿಯೇ ಕೆಲಸ ಮಾಡಿ. ಆದರೆ ನಿಮಗೆ ಬೇಕಾದ ಅಂಕಿ ಸಿಗುವ ಹೊತ್ತಿನಲ್ಲಿ ಅಳೆಯಬೇಡಿ. ಬೆಳಿಗ್ಗೆ ಅಳೆಯಿರಿ, ಸಂಜೆಯೂ ಅಳೆಯಿರಿ. ಬೆಳಿಗ್ಗೆ ಅವರಿಗೆ ಪುರುಸೊತ್ತಿಲ್ಲದಿದ್ದರೆ ನೀವು ಹೋಗಿ. ಕಾಗದಕ್ಕೆ ಒಬ್ಬರೇ ಸಹಿ ಹಾಕಬೇಡಿ. ಜಯಣ್ಣನ ಎರಡೂ ಕೈ ಒಂದೇ ಬಣ್ಣಕ್ಕೆ ಬರುವ ಮೊದಲೇ ಅವರು ಸ್ಟೇರಿಂಗಿಗೆ ಮರಳಿದರು. ವರ್ಷ ಕಳೆದ ಮೇಲೆ ಡಾಕ್ಟ್ರಮ್ಮ ಮಾತ್ರೆಯನ್ನು ಅರ್ಧ ಮಾಡಿದರು. ಪೂರ್ತಿ ಬಿಡಿಸಿಲ್ಲ. ಮಾತ್ರೆಯ ಹಾಳೆ ಈಗ ದೇವರ ಪಟದ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಆದರೆ ಆ ಗುರುವಾರ ಇದು ಯಾವುದೂ ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಐದು ಮುಕ್ಕಾಲಿಗೆ ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೆ. ಬದಲಿ ಡ್ರೈವರ್ ಗಾಜು ಒರೆಸುತ್ತಿದ್ದ. ಜಯಣ್ಣ ಬರುತ್ತಾರೋ ಇಲ್ಲವೋ ಎಂದು ಹನೀಫನಿಗೂ ಖಾತ್ರಿ ಇರಲಿಲ್ಲ. ಐದು ಐವತ್ತಕ್ಕೆ ಬಂದರು. ಡ್ರೈವರ್ ಸೀಟನ್ನು ಒಮ್ಮೆ ನೋಡಿ, ಹಿಂದೆ ಕಿಟಕಿಯ ಪಕ್ಕ ಕೂತು, ಎರಡೂ ಪಾದ ನೆಲಕ್ಕೆ ಊರಿ, ನಾನು ಹೇಳುವ ಮೊದಲೇ ಎಡಗೈ ಚಾಚಿದರು. ಐದು ನಿಮಿಷ ಕಾದೆ. ಪಟ್ಟಿ ಕಟ್ಟಿದೆ. ನೂರ ಐವತ್ತೊಂದು, ತೊಂಬತ್ತಾರು. ಹೊಸ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ದಿನ, ಹೊತ್ತು, ಅಂಕಿ ಬರೆದೆ. ಇಬ್ಬರೂ ಸಹಿ ಹಾಕಿದೆವು.

ಅದು ಶುಕ್ರವಾರ, ನನ್ನ ಬೆಳ್ತಂಗಡಿಯ ದಿನ. ಇಳಿಯದೆ ಅಲ್ಲೇ ಕೂತೆ. ಬಸ್ಸು ಪೇಟೆ ದಾಟಿದ ಮೇಲೆ ಜಯಣ್ಣ ಎದ್ದರು. ಕಂಬ ಹಿಡಿಯುತ್ತ, ಅಭ್ಯಾಸವಿಲ್ಲದ ಕಾಲಿನಲ್ಲಿ ಮುಂದಿನ ಬಾಗಿಲಿನಿಂದ ಒಬ್ಬೊಬ್ಬರ ಟಿಕೆಟ್ ನೋಡುತ್ತ ಬಂದು ನನ್ನ ಸೀಟಿನ ಹತ್ತಿರ ನಿಂತರು.

"ಟಿಕೆಟ್ ಮೇಡಮ್."

ಹಿಂದಿನ ದಿನ ಬೆಳಿಗ್ಗೆಯಿಂದ ಅವರು ನನ್ನೊಡನೆ ಆಡಿದ ಮೊದಲ ಮಾತು. ನಾನು ಚೀಲದಿಂದ ಟಿಕೆಟ್ ತೆಗೆದು ಅವರ ಕೈಗೆ ಕೊಟ್ಟೆ.